ಗದ್ದ ಎತ್ತಿದ ಷಡ್ಡಕ

ದೂರಕ್ಕೂ ಓದಿಗೂ ಒಂದೇ ಗಾಜು ಇರುವ ಪ್ರೋಗ್ರೆಸಿವ್ ಕನ್ನಡಕ ಹೊಸದಾಗಿ ಹಾಕಿಕೊಂಡವರನ್ನು ಎಂಥ ಜಾತ್ರೆಯಲ್ಲಿಯೂ ಗುರುತು ಹಿಡಿಯಬಹುದು. ಅವರು ಮೊದಲು ನಿಮ್ಮ ನೆತ್ತಿಯ ಮೇಲಿನ ಗಾಳಿಯನ್ನು ನೋಡುತ್ತಾರೆ, ಆಮೇಲೆ ಅಂಗಿಯ ಗುಂಡಿಗಳನ್ನು. ಕೊನೆಗೆ ಎರಡರ ನಡುವೆ ಎಲ್ಲೋ ಮುಖ ಸಿಕ್ಕಿದಾಗ ತಲೆ ಆಡಿಸುವುದನ್ನು ನಿಲ್ಲಿಸಿ "ಓಹೋ, ನೀವಾ!" ಎನ್ನುತ್ತಾರೆ. ಮೆಟ್ಟಿಲು ಬಂದರೆ ಗಕ್ಕನೆ ನಿಲ್ಲುತ್ತಾರೆ. ನೀವು ಕೇಳದೆಯೇ "ಇದಕ್ಕೆ ಅಭ್ಯಾಸ ಆಗಬೇಕಂತೆ, ಎರಡು ವಾರ ಸಾಕಂತೆ" ಎಂದು ಸಮಾಧಾನ ಹೇಳುತ್ತಾರೆ. ಸಮಾಧಾನ ಬೇಕಾಗಿರುವುದು ಯಾರಿಗೆ ಎಂಬುದು ಅವರ ದನಿಯಲ್ಲೇ ತಿಳಿಯುತ್ತದೆ.

ನೆದರ್‌ಲ್ಯಾಂಡ್ಸ್ ಕನ್ನಡಿಗರಲ್ಲಿ ಈ ಜಾತಿ ಈಚೆಗೆ ಹೆಚ್ಚುತ್ತಿದೆ. ಸಾಫ್ಟ್‌ವೇರು, ಚಿಪ್ಪು ಎಂದು ಮೂವತ್ತರ ಆಚೀಚೆ ಆಮ್‌ಸ್ಟೆಲ್‌ವೇನ್‌ಗೋ ಐಂಡ್‌ಹೋವನ್‌ಗೋ ಬಂದವರೆಲ್ಲ ಈಗ ಸಾಲಾಗಿ ನಲವತ್ತೈದು ದಾಟುತ್ತಿದ್ದಾರೆ. ಕಣ್ಣೊಳಗಿನ ಮಸೂರ ಪೆಡಸಾಗಿ, ಹತ್ತಿರದ್ದನ್ನು ನೋಡಲು ಉಬ್ಬಿಕೊಳ್ಳುವುದಿಲ್ಲ ಎಂದು ಹಟ ಹಿಡಿಯುವ ವಯಸ್ಸು ಅದು. ನಮ್ಮ ಅಪ್ಪಂದಿರಾಗಿದ್ದರೆ ಚಾಳೀಸು ಬಂತು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ಈ ಜಾತಿಯಲ್ಲಿ ನನಗೆ ದಕ್ಕಿದ ಮಾದರಿ ನನ್ನ ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಗಂಡ, ನನಗೆ 'ಭಾವ'. ವೆಲ್ಡ್‌ಹೋವನ್‌ನ ಎಎಸ್‌ಎಂಎಲ್‌ನಲ್ಲಿ ಎಂಜಿನಿಯರು. 13.5 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಪಳಗಿಸಿ ಸಿಲಿಕಾನ್ ಮೇಲೆ ಗೆರೆ ಕೊರೆಯುವ ಯಂತ್ರಗಳು ತಯಾರಾಗುವ ಜಾಗ ಅದು. ಆ ಬೆಳಕನ್ನು ಗಾಜು ನುಂಗಿಬಿಡುತ್ತದೆ, ಗಾಳಿಯೂ ನುಂಗುತ್ತದೆ. ಅದಕ್ಕೇ ನಿರ್ವಾತದಲ್ಲಿ ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಕರೆದೊಯ್ಯಬೇಕು. ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಸ್ವಂತ ಮೂಗಿನ ಮೇಲಿನ ನಾಲ್ಕು ಮಿಲಿಮೀಟರು ವಶವಾಗಲಿಲ್ಲ.

ಶುರುವಾದದ್ದು ಚೀಸಿನಿಂದ. ಇಲ್ಲಿನ ಸಸ್ಯಾಹಾರಿ ಕನ್ನಡಿಗರು ಆಲ್ಬರ್ಟ್ ಹೈನ್ ಅಂಗಡಿಯ ಚೀಸಿನ ಸಾಲಿನ ಮುಂದೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಗಾಂಭೀರ್ಯದಲ್ಲಿ ನಿಂತಿರುತ್ತಾರೆ. ಪೊಟ್ಟಣದ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ 'ಸ್ಟ್ರೆಮ್ಸೆಲ್' ಎಂದಿರುತ್ತದೆ. ಹಾಲು ಹೆಪ್ಪುಗಟ್ಟಿಸುವ ಆ ದ್ರವ್ಯ ಕರುವಿನ ಹೊಟ್ಟೆಯದೋ ಸೂಕ್ಷ್ಮಜೀವಿಯದೋ ಎಂಬುದರ ಮೇಲೆ ಆ ದಿನದ ಆಚಾರ ನಿಂತಿದೆ. ಭಾವ ಪೊಟ್ಟಣವನ್ನು ದೂರ ಹಿಡಿದರು, ಇನ್ನೂ ದೂರ ಹಿಡಿದರು, ಕೈ ಮುಗಿಯಿತು, ಅಕ್ಷರ ಮೂಡಲಿಲ್ಲ. ಪಕ್ಕದಲ್ಲಿದ್ದ ಮಗಳು ಓದಿ ಹೇಳಿದಳು. ಆಮೇಲೆ "ಅಪ್ಪ, ಇದು ನೀವು ಪ್ರತಿ ವಾರ ತರೋ ಚೀಸೇ ಅಲ್ವಾ?" ಎಂದಳು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲವಂತೆ.

ಕನ್ನಡಕ ಎಲ್ಲಿ ಮಾಡಿಸಬೇಕೆಂಬುದು ನಮ್ಮವರಲ್ಲಿ ಚರ್ಚೆಗೆ ಬರುವ ವಿಷಯವೇ ಅಲ್ಲ. ಇಲ್ಲಿನ ಮೂಲ ಆರೋಗ್ಯ ವಿಮೆ ವಯಸ್ಕರ ಮಾಮೂಲು ಕನ್ನಡಕಕ್ಕೆ ಕಾಸು ಬಿಚ್ಚುವುದಿಲ್ಲ. ಹೆಚ್ಚುವರಿ ವಿಮೆ ಕಟ್ಟಿದ್ದರೆ ಒಂದಿಷ್ಟು ಸಿಕ್ಕೀತು. ಹಾಗಾಗಿ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಹಲ್ಲು, ರವಿಕೆ, ಕನ್ನಡಕ ಮೂರನ್ನೂ ಮುಗಿಸಿಕೊಂಡು ಬರುವುದು ಸಂಪ್ರದಾಯ. ಭಾವ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಅಳತೆ ಕೊಟ್ಟು, ವಿಮಾನ ಹತ್ತುವ ಹಿಂದಿನ ಸಂಜೆ ಡಬ್ಬಿ ತೆಗೆದುಕೊಂಡು, ಅಲ್ಲೇ ಕನ್ನಡಿಯಲ್ಲಿ ಒಮ್ಮೆ ನೋಡಿ, "ಫಸ್ಟ್ ಕ್ಲಾಸ್" ಎಂದು ಬಂದರು.

ಬಂದ ಮೇಲೆ ಅವರ ಗದ್ದ ಮೇಲೇರಿತು. ಓದಬೇಕೆಂದರೆ ಗದ್ದ ಛಾವಣಿಯ ಕಡೆಗೆ. ಕಂಪ್ಯೂಟರ್ ಮುಂದೆ ಕೂತರೂ ಅದೇ. ಕನ್ನಡ ಸಂಘದ ಸಮಾರಂಭವೊಂದರಲ್ಲಿ ವಂದನಾರ್ಪಣೆ ಅವರದ್ದಾಗಿತ್ತು. ಚೀಟಿಯನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮುಖವನ್ನು ಟ್ಯೂಬ್‌ಲೈಟಿಗೆ ಒಪ್ಪಿಸಿ, ಹೋಳಿಗೆ ಬಡಿಸಿದವರಿಂದ ಹಿಡಿದು ಮೈಕಿನವರ ತನಕ ಮೂಗಿನ ತುದಿಯಿಂದ ಕೃತಜ್ಞತೆ ಸಲ್ಲಿಸಿದರು. ಊಟದ ಸಾಲಿನಲ್ಲಿ ಯಾರೋ "ಪ್ರಮೋಷನ್ ಆಗಿರಬೇಕು" ಎಂದರು. ಇನ್ನೊಬ್ಬರು "ಸಿಟಿಜನ್‌ಶಿಪ್ ಸಿಕ್ಕಿದೆ" ಎಂದರು. ಪಾಪ, ಅವರಷ್ಟು ಗರ್ವವಿಲ್ಲದ ಮನುಷ್ಯ ನಮ್ಮ ಸಂಸಾರದಲ್ಲಿ ಬೇರೆ ಇಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳುವವನೂ ಅಲ್ಲ.

ಮೆಟ್ಟಿಲ ಕಥೆ ಬೇರೆ. ಮೇಜು ಕುರ್ಚಿಗಳನ್ನು ಕಿಟಕಿಯಿಂದ ಒಳಗೆ ಏರಿಸುವ ದೇಶ ಇದು. ಮನೆಯೊಳಗಿನ ಮೆಟ್ಟಿಲು ಅಷ್ಟು ಕಡಿದು, ಅಷ್ಟು ಇಕ್ಕಟ್ಟು. ಕೆಳಗೆ ನೋಡಿದರೆ ಕಣ್ಣು ಓದುವ ಭಾಗಕ್ಕೆ ಬೀಳುತ್ತದೆ, ಮೆಟ್ಟಿಲು ಕಲಸಿಹೋಗುತ್ತದೆ. ತಲೆಯನ್ನೇ ಬಗ್ಗಿಸಿ ಕನ್ನಡಕದ ಮೇಲ್ಭಾಗದಿಂದ ನೋಡಬೇಕು ಎಂಬ ಉಪಾಯ ಎಲ್ಲರಿಗೂ ಗೊತ್ತು. ಭಾವ ಅದನ್ನು ಒಪ್ಪದೆ ಬೆನ್ನು ಮುಂದೆ ಮಾಡಿ ಇಳಿಯತೊಡಗಿದರು. ಸೈಕಲ್ ಮೇಲೆ ಓರೆಗಣ್ಣಿನಲ್ಲಿ ನೋಡಿದರೆ ಬಲಗಡೆಯಿಂದ ಬರುವ ಸೈಕಲ್ಲು ಡೊಂಕಾಗಿ ಕಾಣುತ್ತದೆಂದು ಪ್ರತಿ ಅಡ್ಡರಸ್ತೆಯಲ್ಲೂ ಇಳಿದು ನಿಲ್ಲತೊಡಗಿದರು. ಹಿಂದೆ ಬರುತ್ತಿದ್ದ ಡಚ್ ಅಜ್ಜಿಯರು ಗಂಟೆ ಬಾರಿಸಿ ಅವರನ್ನು ದಾಟಿಹೋಗತೊಡಗಿದರು.

ಇಷ್ಟಾದರೂ ಆಗುತ್ತಿತ್ತು. ಆದರೆ ಕನ್ನಡಕದಿಂದ ತೊಂದರೆಯಾದ ಎಂಜಿನಿಯರು ಕನ್ನಡಕದ ಚರಿತ್ರೆ ಓದುತ್ತಾನೆ. ಓದಿದ್ದನ್ನು ಷಡ್ಡಕನಿಗೆ ಹೇಳುತ್ತಾನೆ. ಭಾನುವಾರ ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಭಾವ ಶುರು ಮಾಡುತ್ತಾರೆ. "ನೀನು ಉಟ್ರೆಕ್ಟ್‌ನಲ್ಲಿ ಇದ್ದೀಯಲ್ಲಯ್ಯ, ಗೊತ್ತೇನು? ಕಣ್ಣಿನ ಡಾಕ್ಟರ ಗೋಡೆ ಮೇಲೆ ಇರೋ ಅಕ್ಷರದ ಚಾರ್ಟು ನಿಮ್ಮೂರಿನದೇ. ಸ್ನೆಲೆನ್, 1862. ಅವರ ಗುರು ಡಾಂಡರ್ಸ್ ಅಲ್ಲೇ ಕಣ್ಣಾಸ್ಪತ್ರೆ ಕಟ್ಟಿದವರು. ವಯಸ್ಸಾದಾಗ ಹತ್ತಿರದ್ದು ಯಾಕೆ ಮಸುಕಾಗುತ್ತೆ ಅಂತ 1864ರ ಪುಸ್ತಕದಲ್ಲಿ ಬಿಡಿಸಿ ಬರೆದವರು." ಅಲ್ಲಿಂದ ಮಿಡೆಲ್‌ಬರ್ಗ್‌ಗೆ ಹೋಗುತ್ತಾರೆ, 1608ರಲ್ಲಿ ದೂರದರ್ಶಕಕ್ಕೆ ಪೇಟೆಂಟು ಕೇಳಿದ ಲಿಪರ್‌ಹೇ ಮೂಲತಃ ಕನ್ನಡಕ ಮಾಡುವವನು. ಅಲ್ಲಿಂದ ರೈನ್ಸ್‌ಬರ್ಗ್, ತತ್ತ್ವಜ್ಞಾನಿ ಸ್ಪಿನೋಜಾ ಹೊಟ್ಟೆಪಾಡಿಗೆ ಮಸೂರ ಉಜ್ಜುತ್ತಿದ್ದ ಮನೆ. ಅಲ್ಲಿಂದ ಪ್ಯಾರಿಸ್, 1785ರ ಪತ್ರವೊಂದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಎರಡು ತುಂಡು ಜೋಡಿಸಿದ ಕನ್ನಡಕದಿಂದ ತಟ್ಟೆಯ ಊಟವೂ ಎದುರಿಗೆ ಕೂತವರ ಮುಖವೂ ಒಟ್ಟಿಗೆ ಕಾಣುತ್ತವೆ, ಮುಖ ಕಂಡರೆ ಫ್ರೆಂಚ್ ಅರ್ಥವಾಗುತ್ತದೆ ಎಂದು ಬರೆದದ್ದು. ಅದೇ ಪ್ಯಾರಿಸಿನಲ್ಲಿ 1959ರಲ್ಲಿ ಬೆರ್ನಾರ್ ಮೆಟ್ನಾಜ್ ವ್ಯಾರಿಲಕ್ಸ್ ಎಂಬ ಗೆರೆಯಿಲ್ಲದ ಪ್ರೋಗ್ರೆಸಿವ್ ಲೆನ್ಸು ಹೊರತಂದದ್ದು. ಕೊನೆಗೆ ಮಿಂಕ್ವಿಟ್ಸ್‌ನ ಪ್ರಮೇಯ: ಮೇಲಿನಿಂದ ಕೆಳಕ್ಕೆ ಶಕ್ತಿ ಎಷ್ಟು ಬೇಗ ಏರುತ್ತದೋ, ಪಕ್ಕಕ್ಕೆ ಸರಿದಂತೆ ಮಸುಕು ಅದರ ಎರಡರಷ್ಟು ಬೇಗ ಏರುತ್ತದೆ. "ಅಂದ್ರೆ ಪಕ್ಕ ಮಸುಕಾಗೋದು ತಯಾರಿಸಿದವರ ತಪ್ಪಲ್ಲ, ಗಣಿತ!" ಎಂದು ಭಾವ ಗದ್ದ ಎತ್ತಿ ನನ್ನನ್ನು ಹುಡುಕುವ ಹೊತ್ತಿಗೆ ನಾನು ನಿದ್ದೆಯಲ್ಲಿರುತ್ತೇನೆ. ಅವರಿಗೆ ಕಾಣುವುದಿಲ್ಲ.

ಗಣಿತದ್ದೇ ತಪ್ಪೆಂದು ನಂಬಿದವರು ಅಂಗಡಿಗೆ ಹೋಗುವುದಿಲ್ಲ. ಅತ್ತಿಗೆಯೇ ಐಂಡ್‌ಹೋವನ್‌ನಲ್ಲಿ ಸಮಯ ಗೊತ್ತು ಮಾಡಿದರು. ಬೇರೆ ದೇಶದಲ್ಲಿ ಮಾಡಿಸಿದ ಕನ್ನಡಕ ಸರಿಮಾಡಿಸಲು ಇಲ್ಲಿನ ಅಂಗಡಿಗೆ ಹೋಗುವುದು ಮರ್ಯಾದೆಯ ಪ್ರಶ್ನೆಯಾದ್ದರಿಂದ ಭಾವನಿಗೆ ಜೊತೆ ಬೇಕಾಗಿತ್ತು. ಹೋದೆ.

ಅಲ್ಲಿದ್ದ ಹುಡುಗಿ ಏನನ್ನೂ ಕೇಳಲಿಲ್ಲ. ಮೊದಲು ಫ್ರೇಮನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ನೋಡಿದಳು. ಒಂದು ಕಡ್ಡಿ ಮೇಜಿಗೆ ತಾಗಲಿಲ್ಲ. ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದಿನ ಬಾಗು ತಿದ್ದಿದಳು. ಆಮೇಲೆ ಲೆನ್ಸನ್ನು ಬೆಳಕಿಗೆ ಹಿಡಿದು ಓರೆ ಮಾಡಿ ಏನನ್ನೋ ಹುಡುಕಿದಳು. ಪ್ರತಿ ಪ್ರೋಗ್ರೆಸಿವ್ ಲೆನ್ಸಿನಲ್ಲೂ ಕಣ್ಣಿಗೆ ಬೀಳದ ಎರಡು ಸಣ್ಣ ಗುರುತುಗಳು 34 ಮಿಲಿಮೀಟರ್ ಅಂತರದಲ್ಲಿ ಕೊರೆದಿರುತ್ತವೆ. ಅವು ಸಿಕ್ಕರೆ ಪಾಪೆ ಎಲ್ಲಿರಬೇಕೆಂದು ತಯಾರಿಸಿದವರು ಬಯಸಿದ್ದರೋ ಆ ಜಾಗ ಸಿಗುತ್ತದೆ. ಅಲ್ಲಿಗೆ ಪೆನ್ನಿನಿಂದ ಅಡ್ಡಗೀಟು ಉದ್ದಗೀಟು ಎಳೆದು ಕನ್ನಡಕವನ್ನು ಭಾವನ ಮೂಗಿಗೇರಿಸಿ, ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎದುರು ಕೂತಳು.

ಗೀಟು ಪಾಪೆಯಿಂದ ನಾಲ್ಕು ಮಿಲಿಮೀಟರು ಕೆಳಗಿತ್ತು. ಓದುವ ಭಾಗವೂ ಅಷ್ಟೇ ಕೆಳಗೆ. ಅಲ್ಲಿಗೆ ಕಣ್ಣು ಮುಟ್ಟಬೇಕಾದರೆ ಗದ್ದ ಎತ್ತದೆ ಗತಿಯಿಲ್ಲ.

"ಅಳತೆ ತೆಗೆದುಕೊಳ್ಳುವಾಗ ನೀವು ಹೇಗೆ ಕೂತಿದ್ದಿರಿ?" ಎಂದು ಕೇಳಿದಳು. ಭಾವ ತೋರಿಸಿದರು. ಬೆನ್ನು ಕೋಲು, ಎದೆ ಮುಂದೆ, ಗದ್ದ ಆಕಾಶಕ್ಕೆ. "ಫೋಟೋ ತೆಗೀತಾರೆ ಅಂದ್ಕೊಂಡ್ರು," ಎಂದು ಅತ್ತಿಗೆ ಹಿಂದಿನಿಂದ ಕನ್ನಡದಲ್ಲಿ ಹೇಳಿದರು. ಗದ್ದ ಎತ್ತಿ ಎದುರಿಗೆ ನೋಡಿದರೆ ಕಣ್ಣು ಲೆನ್ಸಿನ ಕೆಳಭಾಗದಿಂದ ಹಾಯುತ್ತದೆ; ಗುರುತು ಅಲ್ಲೇ ಬೀಳುತ್ತದೆ. ಅಂಗಡಿಯವನು ಪ್ರಾಮಾಣಿಕವಾಗಿಯೇ ಗುರುತು ಹಾಕಿದ್ದ. ಲೆನ್ಸು ಗದ್ದ ಎತ್ತಿದ ಒಬ್ಬ ಗಣ್ಯ ವ್ಯಕ್ತಿಗೆ ತಯಾರಾಗಿ ಬಂದಿತ್ತು, ಆ ಗಣ್ಯ ವ್ಯಕ್ತಿ ಮಾತ್ರ ಗಾಂಧಿ ಬಜಾರಿನಲ್ಲೇ ಉಳಿದುಬಿಟ್ಟಿದ್ದ.

ಮೂಗಿನ ಪ್ಯಾಡುಗಳನ್ನು ಹತ್ತಿರ ಮಾಡಿದರೆ ಫ್ರೇಮು ಒಂದೆರಡು ಮಿಲಿಮೀಟರು ಮೇಲೇರುತ್ತದೆ, ಪೂರ್ತಿ ಸರಿಹೋಗದು, ಹೊಸ ಲೆನ್ಸೇ ಬೇಕು ಎಂದಳು. ಭಾವ ಬೆಲೆ ಕೇಳಿ, ಮನಸ್ಸಿನಲ್ಲೇ ರೂಪಾಯಿ ಮಾಡಿ, ಕಣ್ಣು ಮುಚ್ಚಿ ತೆರೆದರು. "ಆಗಲಿ."

ಹೊಸ ಅಳತೆ ಶುರುವಾಯಿತು. "ಸಹಜವಾಗಿ ಕೂತುಕೊಳ್ಳಿ" ಎಂದಳು. ಭಾವ ಮತ್ತೆ ಕೋಲಾದರು. "ಮನೆಯಲ್ಲಿ ಕೂತ ಹಾಗೆ" ಎಂದಳು. ಇನ್ನೂ ನೆಟ್ಟಗಾದರು. ಎದ್ದು ಬಾಗಿಲ ತನಕ ನಡೆದು ಬನ್ನಿ ಎಂದಳು. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಬಂದರು. ನಾನು ನಗು ತಡೆಯಲು ಫ್ರೇಮುಗಳ ಕಪಾಟಿನ ಕಡೆ ತಿರುಗಿದೆ.

ಆಗ ಕಪಾಟಿನ ಕನ್ನಡಿಯಲ್ಲಿ ಅವರು ಕಂಡರು, ಮತ್ತು ಯಾಕೋ ನಗು ಇಂಗಿತು. ಅವರ ತಂದೆಯವರನ್ನು ನಾನು ಮದುವೆಯ ಹೊತ್ತಿನಲ್ಲಿ ನೋಡಿದ್ದೆ. ಗಾಜಿನ ಕೆಳಗೆ ಅರ್ಧಚಂದ್ರ ಎದ್ದು ಕಾಣುವ ಬೈಫೋಕಲ್ ಹಾಕುತ್ತಿದ್ದರು. ಆ ಗೆರೆ ಕಂಡರೆ ಬಿಟಿಎಸ್ ಬಸ್ಸಿನಲ್ಲಿ ಹುಡುಗರು ಎದ್ದು ಜಾಗ ಬಿಡುತ್ತಿದ್ದರು, ಮನೆಯಲ್ಲಿ ಪಂಚಾಂಗ ಅವರ ಕೈಗೇ ಬರುತ್ತಿತ್ತು. ಗೆರೆಯಿಲ್ಲದ ಕನ್ನಡಕ ನಮಗೆ ಬೇಕಾಗಿರುವುದೇ ಆ ಗೆರೆ ಯಾರಿಗೂ ಕಾಣಬಾರದೆಂದು. ಇಲ್ಲಿ ನಮಗಿಂತ ಮುಂಚೆ ಮುದುಕರಾದ ಕನ್ನಡಿಗರು ಬೆರಳೆಣಿಕೆಯಷ್ಟು. ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲು ಹಿರಿಯರಿಗೆ ಎಂದು ಬಿಟ್ಟು, ಯಾರೂ ಬಾರದೆ, ಕೊನೆಗೆ ನಾವೇ ಸಂಕೋಚದಿಂದ ಹೋಗಿ ಕೂರುವುದು ಶುರುವಾಗಿದೆ. ಮುಪ್ಪು ಹೇಗೆ ಬರುತ್ತದೆಂದು ನೋಡಿ ಕಲಿಯಲು ಮನೆಯಲ್ಲಿ ಒಬ್ಬ ದೊಡ್ಡಪ್ಪನಾದರೂ ಇರಬೇಕಿತ್ತು. ಇಲ್ಲದವರು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ... ಇರಲಿ. ಇದು ಉಪದೇಶದ ದಾರಿ ಹಿಡಿಯುತ್ತಿದೆ. ಅಲ್ಲದೆ ಪಥಸಂಚಲನ ಇನ್ನೂ ಮುಗಿದಿರಲಿಲ್ಲ.

ಆ ಹುಡುಗಿ ಜಾಣೆ. ಪೆನ್ನು ಕೆಳಗಿಟ್ಟು, "ನೀವು ಏನು ಕೆಲಸ ಮಾಡುತ್ತೀರಿ?" ಎಂದಳು. ಭಾವ ಹೇಳಿದರು. "ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ?" ಎಂದಳು. ಅಷ್ಟೇ. ಭುಜ ಇಳಿಯಿತು, ಬೆನ್ನು ಗೂನಾಯಿತು, ಕೈ ಗಾಳಿಯಲ್ಲಿ ಕನ್ನಡಿಗಳನ್ನು ಜೋಡಿಸತೊಡಗಿತು, ಮುಖ ಮುಂದೆ ಬಾಗಿತು. ಕರಗಿದ ತವರದ ಹನಿಗೆ ಲೇಸರ್ ಹೊಡೆಯುವ ಘಟ್ಟಕ್ಕೆ ಅವರು ಬರುವಷ್ಟರಲ್ಲಿ ಅವಳು ಎರಡೂ ಕಣ್ಣಿಗೆ ಚುಕ್ಕೆ ಇಟ್ಟು ಮುಗಿಸಿದ್ದಳು. ಎರಡು ಕಣ್ಣಿಗೂ ಮೂಗಿನಿಂದ ಬೇರೆ ಬೇರೆ ದೂರ. ನಮ್ಮಲ್ಲಿ ಯಾರ ಮುಖವೂ ಎರಡೂ ಕಡೆ ಒಂದೇ ಸಮ ಇರುವುದಿಲ್ಲವಂತೆ. ಭಾವ ಇನ್ನೂ ಹದಿನೈದು ನಿಮಿಷ ವಿವರಿಸಿದರು. ಅವಳು ಪೂರ್ತಿ ಕೇಳಿದಳು. ನಾನು ಎಂದೂ ಕೇಳಿರಲಿಲ್ಲ.

ಹೊಸ ಲೆನ್ಸು ಬಂದ ಮೇಲೆ ಗದ್ದ ಇಳಿಯಿತು. ಬಳಗದಲ್ಲಿ "ಈಚೆಗೆ ಸ್ವಲ್ಪ ಮೆತ್ತಗಾಗಿದ್ದಾರೆ" ಎಂಬ ಮಾತು ಕೇಳಿಬಂತು. ನನಗೆ ಮಾತ್ರ ಹೊಸ ಗ್ರಹಚಾರ ಹಿಡಿಯಿತು, ಏಕೆಂದರೆ ಭಾವನಿಗೆ ಈಗ ಎಲ್ಲವೂ ಕಾಣುತ್ತದೆ. ನಮ್ಮ ಅಡಿಗೆಮನೆಯ ಚಿಮಣಿಯ ಜಿಡ್ಡು ಕಾಣುತ್ತದೆ. ಫ್ರಿಜ್ಜಿನ ಚೀಸಿನ ಹಿಂಬದಿ ಕಾಣುತ್ತದೆ. ಭಾನುವಾರದ ಉಪನ್ಯಾಸದಲ್ಲಿ ನಾನು ಕಣ್ಣು ಮುಚ್ಚಿದ್ದು ಕಾಣುತ್ತದೆ. ಹೇಮಾ ಅಂಗಡಿಯಲ್ಲೂ ಕ್ರೂಡ್‌ವಾಟ್‌ನಲ್ಲೂ ಕೊಂಡ ರೆಡಿಮೇಡ್ ಚಾಳೀಸುಗಳನ್ನು ನಾನು ದೇವರ ಮನೆಯಲ್ಲೊಂದು, ಬಚ್ಚಲಲ್ಲೊಂದು, ಮೆಂತ್ಯದ ಡಬ್ಬಿಯ ಹಿಂದೊಂದು ಎಂದು ಹಂಚಿಟ್ಟಿರುವುದೂ, ಹಾಕಿಕೊಂಡದ್ದರ ಗಾಜಿನ ಮೇಲೆ +2 ಎಂಬ ಚೀಟಿ ಇನ್ನೂ ಅಂಟಿಕೊಂಡಿರುವುದೂ ಕಂಡಿತು.

"ನಿನ್ನದೂ ಸಮಯ ಆಯಿತು ಕಣಯ್ಯ," ಎಂದರು. ಅದೇ ಅಂಗಡಿಯಲ್ಲಿ ನನ್ನ ಹೆಸರಿಗೆ ಶನಿವಾರ ಗೊತ್ತು ಮಾಡಿಸಿ, ಕರೆದೊಯ್ಯಲು ತಾವೇ ಉಟ್ರೆಕ್ಟ್‌ಗೆ ಬಂದರು. ಎ2 ಹೆದ್ದಾರಿಯ ಉದ್ದಕ್ಕೂ ಪಾಠ. "ಫ್ರೇಮು ತೀರಾ ಸಣ್ಣದು ಆರಿಸಬೇಡ, ಓದೋ ಭಾಗಕ್ಕೆ ಜಾಗ ಇರಲ್ಲ. ಹಳೇದನ್ನೂ ಹೊಸದನ್ನೂ ಬದಲಾಯಿಸಿ ಬದಲಾಯಿಸಿ ಹಾಕ್ಕೋಬೇಡ, ಕಣ್ಣಿಗೆ ಗೊಂದಲ. ಪಕ್ಕದ್ದು ನೋಡಬೇಕಾದ್ರೆ ಮೂಗು ಆ ಕಡೆ ತಿರುಗಿಸು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಕೂತಾಗ ಬಿಗಿಯಬೇಡ. ಸಹಜವಾಗಿರು."

"ಸಹಜವಾಗಿ ಅಂದ್ರೆ ಹೇಗೆ ಭಾವ?"

"ನೋಡು, ಹೀಗೆ." ಸ್ಟಿಯರಿಂಗ್ ಹಿಡಿದಂತೆಯೇ ಬೆನ್ನು ನೆಟ್ಟಗಾಯಿತು, ಎದೆ ಮುಂದೆ ಬಂತು, ಗದ್ದ ನಿಧಾನವಾಗಿ ಕಾರಿನ ಛಾವಣಿಯ ಕಡೆಗೆ ಏರಿತು.

"ಭಾವ, ಮುಂದೆ ಲಾರಿ!"

"ಎಲ್ಲಿ?" ಎಂದರು.