ಗಾಳಿ ಕಾಕಾ

ಜಹೀರಾಬಾದ, ನಾರಾಯಣಖೇಡ, ತಾಂಡೂರು ಕಡೆ ಭಜನೆ ಇರುವ ಊರಲ್ಲೆಲ್ಲ ಒಬ್ಬ ಹಾರ್ಮೋನಿಯಂ ಪೇಟಿ ರಿಪೇರಿ ಕಾಕಾ ಸಿಕ್ಕೇ ಸಿಗುತ್ತಾನೆ. 1956ರಲ್ಲಿ ಈ ತಾಲೂಕುಗಳು ಬೀದರ, ಗುಲಬರ್ಗಾ ಜಿಲ್ಲೆಗಳನ್ನು ಬಿಟ್ಟು ಆಂಧ್ರಪ್ರದೇಶದ ಪಾಲಾದವು. ಕಾಕಾ ಮಾತ್ರ ಇನ್ನೂ ಕನ್ನಡದಲ್ಲೇ ಬಯ್ಯುತ್ತಾನೆ. ದುಡ್ಡು ಕೇಳುವುದಿಲ್ಲ, ಚಹಾ ಬೇಡ ಎನ್ನುವುದಿಲ್ಲ, ಪೇಟಿ ಯಾವತ್ತು ಕೊಡ್ತೀರಿ ಎಂದರೆ ಕಿವಿ ಕೇಳಿಸುವುದಿಲ್ಲ. ಸ್ವರ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವುದು ಅದೇ ಕಿವಿ!

ಭಜನೆಯಲ್ಲಿ ಪೇಟಿ ಹಿಡಿಯುವ ನನ್ನ ಪಾಲಿಗೆ ಬಂದ ಕಾಕಾನಿಗೆ ಗಾಳಿಯ ಹುಚ್ಚು. ರೀಡಿನ ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಆದರೆ ಊದುವ ಗಾಳಿಯೇ ಏರುಪೇರಾದರೆ ಸ್ವರವೂ ಅಲುಗಾಡುತ್ತದೆ, ಯಾವುದನ್ನು ನಂಬಿ ಕೆರೆಯುವುದು? ಬಾಯಿಂದ ಊದಿದರೆ ಉಗುಳಿನ ಪಸೆ ಹಿತ್ತಾಳೆಗೆ ಅಂಟುತ್ತದೆ. ಸೈಕಲ್ ಪಂಪು ದಮ್ಮಿನ ರೋಗಿಯಂತೆ ಬಿಟ್ಟುಬಿಟ್ಟು ಉಸಿರಾಡುತ್ತದೆ. ಮಗ ಹೈದರಾಬಾದಿನಿಂದ ವ್ಯಾಕ್ಯೂಮ್ ಕ್ಲೀನರ್ ತಂದಾಗ ಓಣಿಯೇ ನೆರೆಯಿತು. ಊದುವ ಬಾಯಿಗೆ ರೀಡು ಹಿಡಿದರೆ ಮೋಟಾರಿನ ಬಿಸಿಗೆ ಹಿತ್ತಾಳೆ ಕಾದು ಸ್ವರ ಇಳಿಯಿತು. ಎಳೆಯುವ ಬಾಯಿಗೆ ಹಿಡಿದರೆ ಸೆಳೆತ ತಾಳದೆ ರೀಡು ಮೂಕಾಯಿತು. ಪೈಪಿಗೆ ತೂತು ಕೊರೆದು ಸೆಳೆತ ತಗ್ಗಿಸಿದ. ಗೌಂಡಿಯ ಲೆವಲ್ ಪೈಪಿಗೆ ನೀರು ತುಂಬಿ, ಒಂದು ತುದಿ ಕ್ಲೀನರಿನ ಪೈಪಿಗೆ ಜೋಡಿಸಿ, ನೀರು ಎಷ್ಟು ಬೆರಳು ಸರಿಯಿತೆಂದು ಒತ್ತಡ ಅಳೆದ. ಜಾಣನೇ, ಒಪ್ಪಿದೆ. ಆದರೆ ಆ ಮೋಟಾರಿನ ಗದ್ದಲದಲ್ಲಿ ಸ್ವರ ಕೇಳಬೇಕಲ್ಲ?

ಕಡೆಗೆ ಹಳೆಯ ಪೇಟಿಯೊಂದರ ಒಳತಿದಿಯೇ ಗತಿಯಾಯಿತು. ಅದನ್ನು ಬೋರಲು ಹಾಕಿ ಸ್ಪ್ರಿಂಗ್ ಕಿತ್ತ. “ಸ್ಪ್ರಿಂಗಿನ ಬಲ ಹೆಚ್ಚುಕಡಿಮಿ ಆಗ್ತದ ತಮ್ಮಾ, ಕಲ್ಲಿನ ಭಾರ ಆಗಂಗಿಲ್ಲ” ಎಂದು ತಾಂಡೂರಿನ ಫರ್ಸಿ ತುಂಡನ್ನು ಮೇಲೆ ಹೇರಿದ. ಗಾಳಿ ಹೋಗುವ ಹಲಗೆಗೆ ತೂತು ಹೊಡೆದು ರೀಡು ಕೂಡಿಸಿದ. ಸ್ವರ ಚೂರೂ ಅಲುಗದೆ ನಿಂತಿತು. ನನಗೆ ಮೈ ಜುಮ್ಮೆಂದಿತು, ಆತನಿಗೆ ಸಮಾಧಾನವಿಲ್ಲ: “ಕಲ್ಲು ಪಾವು ಕಿಲೋ ಹೆಚ್ಚಾತು.” ಕಲ್ಲು ಕೆತ್ತಿಸಿ ತಂದ ಮೇಲೆ ತಕರಾರು ತಿದಿ ಒತ್ತುವ ನನ್ನ ಕೈಯ ಮೇಲೆ ಬಂತು. 1940ರಿಂದ 1971ರವರೆಗೆ ಆಕಾಶವಾಣಿ ಪೇಟಿಯನ್ನು ಒಳಗೆ ಬಿಟ್ಟಿರಲಿಲ್ಲ. ಸ್ವರ ಜಾರಿಸುವ ಮೀಂಡು ಬರುವುದಿಲ್ಲ, ಸೂಕ್ಷ್ಮ ಶ್ರುತಿ ಸಿಗುವುದಿಲ್ಲ ಎಂಬುದು ಆಗಿನವರ ಆಕ್ಷೇಪ. ಕಾಕಾನ ಪ್ರಕಾರ ಅದೂ ನನ್ನಂಥವರು ತಿದಿ ಒತ್ತಿದ್ದಕ್ಕೇ.

ಅಷ್ಟರಲ್ಲಿ ಶ್ರಾವಣ ಬಂತು. ನನ್ನ ಪೇಟಿಯ ರೀಡುಗಳು ಇನ್ನೂ ಕಾಕಾನ ಚಹಾ ತಟ್ಟೆಯಲ್ಲೇ ಇದ್ದವು. ಹುಡುಗರು ಗುಡಿಗೆ ಕೀಬೋರ್ಡ್ ತಂದರು. ಕಾಕಾ ಅದನ್ನು ಹೊರಳಿಸಿ ಮರಳಿಸಿ ನೋಡಿದ. “ಇದಕ್ಕ ಗಾಳಿನೇ ಬ್ಯಾಡೇನು?” ಮುಖ ಸಣ್ಣದಾಯಿತು. ಕೆಡದ ಶ್ರುತಿಗೆ ಕಿವಿ ಯಾಕೆ ಬೇಕು, ಇಂಥವರು ಹೋದಮೇಲೆ ಅರ ಹಿಡಿಯುವವರು ಯಾರು ಎಂದು ನನ್ನ ಹೊಟ್ಟೆಯೂ ಚುರ್ ಎಂದಿತು. ಅಷ್ಟರಲ್ಲಿ ಕಾಕಾ ನನ್ನ ಹೆಗಲು ತಟ್ಟಿದ.

“ಹಂಗಾದ್ರ ಭಜನ್ಯಾಗ ನಿನಗ ಕೆಲಸಿಲ್ಲ. ನಾಳಿ ಮುಂಜಾನೆ ಬಾ, ತಿದಿ ಒತ್ತೋದದ.”