ಮಿಲಿಸೆಕೆಂಡ್ ಮೂರ್ತಿಗಳು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಗಣಪತಿ ಗುಡಿ, ಒಂದು ದರ್ಶಿನಿ, ಒಬ್ಬರು ಮಿಲಿಸೆಕೆಂಡ್ ಮೂರ್ತಿಗಳು ಇದ್ದೇ ಇರುತ್ತಾರೆ. ಗುಡಿಗೂ ದರ್ಶಿನಿಗೂ ಬೋರ್ಡುಂಟು. ಮೂರ್ತಿಗಳ ಮನೆಯನ್ನು ಕಿವಿಯಿಂದಲೇ ಗುರುತು ಹಿಡಿಯಬೇಕು. ಒಳಗೆ ಮೆಟ್ರೋನೋಮ್ ಟಕ್ ಟಕ್ ಎನ್ನುತ್ತಿರುತ್ತದೆ. ಅದರ ಮೇಲೆ ಯಾರೋ "ಹಲೋ, ಚೆಕ್, ಒನ್, ಟೂ" ಅನ್ನುತ್ತಾರೆ. ಆಮೇಲೊಂದು "ಛೆ!" ಹಾಡು ಮಾತ್ರ ಕೇಳಿಸುವುದಿಲ್ಲ.

ಮೂರ್ತಿಗಳು ಹಗಲು ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಇರುವವರು. ಚಿಕ್ಕಂದಿನಲ್ಲಿ ಸರಳೆ, ಜಂಟಿವರಸೆ ದಾಟಿ ಗೀತೆಯವರೆಗೆ ಬಂದಿದ್ದರು. ಕಾಲೇಜಿನಲ್ಲಿ ಗಿಟಾರ್ ಹಿಡಿದಿದ್ದರು. ಮನೆ ಕಟ್ಟಿಸಿದಾಗ ಸ್ಟೋರ್ ರೂಮನ್ನು ಸ್ಟುಡಿಯೋ ಮಾಡಿಕೊಂಡರು. ಸದ್ದು ತಡೆಯಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ ದಿನ ಅವರ ತಾಯಿ, "ಲೋ, ಈ ಮನೇಲಿ ಏಕಾದಶಿ ದಿನ ಈರುಳ್ಳಿಗೂ ಜಾಗ ಇಲ್ಲ, ನೀನು ಮೊಟ್ಟೆ ತಟ್ಟೆ ತಂದು ಗೋಡೆಗೆ ಹಚ್ತೀಯಲ್ಲೋ" ಎಂದು ಊಟ ಬಿಟ್ಟರು. ಮೂರ್ತಿಗಳು ಜಗ್ಗಲಿಲ್ಲ. ಆದರೆ ಮೊಟ್ಟೆ ಟ್ರೇ ಹೊರಗಿನ ಸದ್ದನ್ನೇನೂ ತಡೆಯುವುದಿಲ್ಲವೆಂದು ಎಲ್ಲೋ ಓದಿದ್ದೇ ತಡ, ಅಂದೇ ಎಲ್ಲ ಕಿತ್ತೆಸೆದು ಹುಬ್ಬಳ್ಳಿಯ ಅತ್ತೆ ಕಳಿಸಿದ್ದ ಕೌದಿಗಳನ್ನು ನೇತುಹಾಕಿದರು. ಅಳಿಯ ಹೊದೆಯಲಿ ಎಂದು ಅತ್ತೆ ಹೊಲಿದದ್ದನ್ನು ಈಗ ಗೋಡೆ ಹೊದ್ದಿದೆ.

ಈ ವಯಸ್ಸಿನಲ್ಲಿ ಗೆಳೆಯರು ಸಿಕ್ಕರೆ "ಶುಗರ್ ಎಷ್ಟಿದೆ, ಬಿಪಿ ಎಷ್ಟಿದೆ" ಎಂದು ವಿಚಾರಿಸಿಕೊಳ್ಳುವುದು ವಾಡಿಕೆ. ಮೂರ್ತಿಗಳು ಕೇಳುವುದು, "ಬಫರ್ ಎಷ್ಟಿಟ್ಟಿದೀರಿ?" ಗೊತ್ತಿಲ್ಲವೆಂದರೆ ನಿಮ್ಮ ಸಂಜೆ ಮುಗಿಯಿತು. ವಿವರಣೆಯನ್ನು ಅವರು ನಲ್ಲಿಯಿಂದಲೇ ಶುರುಮಾಡುತ್ತಾರೆ. "ನೋಡಿ, ದನಿ ಒಳಗೆ ಬರೋದು ತುಣುಕು ತುಣುಕಾಗಿ, ಸೆಕೆಂಡಿಗೆ 44,100 ತುಣುಕು. ಕಂಪ್ಯೂಟರ್ ಒಂದೊಂದನ್ನೇ ಹೊರಲ್ಲ, ಬಿಂದಿಗೆ ತುಂಬಿದ ಮೇಲೆ ಎತ್ತುತ್ತೆ. ಆ ಬಿಂದಿಗೇನೇ ಬಫರ್. 1024ರ ಬಿಂದಿಗೆ ತುಂಬೋಕೆ 23 ಮಿಲಿಸೆಕೆಂಡ್ ಬೇಕು. ಒಳಗೆ ಬರೋಕೊಂದು, ಹೊರಗೆ ಹೋಗೋಕೊಂದು, ಅಲ್ಲಿಗೆ 46. ಹಾಡೋರಿಗೆ ತಮ್ಮ ದನಿ ತಮಗೇ ತಡವಾಗಿ ಕೇಳುತ್ತೆ. 64ಕ್ಕೆ ಇಳಿಸಿದರೆ ಒಂದೂವರೆ ಮಿಲಿಸೆಕೆಂಡಿಗೆ ತುಂಬುತ್ತೆ. ಆದರೆ ಕಂಪ್ಯೂಟರ್ ಓಡಾಡಿ ಓಡಾಡಿ ಸುಸ್ತಾಗಿ ಅಲ್ಲಲ್ಲಿ ಚೆಲ್ಲುತ್ತೆ. ಆ ಚೆಲ್ಲಿದ್ದೇ ಪಟಪಟ ಸದ್ದು." ವಿವರಣೆ ಚೆನ್ನಾಗಿದೆ, ತಪ್ಪೂ ಇಲ್ಲ. ಮೂರ್ತಿಗಳ ಮಾತಿನಲ್ಲಿ ತಪ್ಪು ಸಿಗುವುದು ಅಪರೂಪ. ತೊಂದರೆ ಇರುವುದೇ ಅಲ್ಲಿ.

ಭಜನಾ ಮಂಡಳಿಯ ಅಕ್ಕ ಒಂದು ದೇವರನಾಮ ರೆಕಾರ್ಡ್ ಮಾಡಿಸಲು ಬಂದ ಪ್ರಸಂಗ ನೋಡಿ. ಕಿವಿಗೆ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡರು. ಅವರ ದನಿ ಕಂಪ್ಯೂಟರಿನೊಳಗೆ ಪ್ರದಕ್ಷಿಣೆ ಹಾಕಿಕೊಂಡು ಹಿಂದಿನಿಂದ ಬಂತು. ಯಾರೋ ಹಿಂದೆ ಬಿದ್ದಿದ್ದಾರೆ, ಪಾಪ, ಎಂದು ಅಕ್ಕ ಲಯ ತಗ್ಗಿಸಿದರು. ಹಿಂದಿನವರೂ ತಗ್ಗಿಸಿದರು. ಅಕ್ಕ ಇನ್ನೂ ನಿಧಾನಿಸಿದರು. ಮಧ್ಯಮ ಕಾಲದಲ್ಲಿ ಹೊರಟ ಹಾಡು ಅನುಪಲ್ಲವಿ ಬರುವ ಹೊತ್ತಿಗೆ ನಿಂತೇ ಹೋಯಿತು.

"ಮೂರ್ತಿ, ನನ್ನ ಹಿಂದೆ ಇನ್ನೊಬ್ಬರು ಯಾರೋ ಹಾಡ್ತಿದಾರಲ್ಲ?"

"ಅದು ನೀವೇ ಅಕ್ಕ."

"ನಾನು ಅಷ್ಟು ಕೆಟ್ಟದಾಗಿ ಹಾಡಲ್ಲ ಕಣಪ್ಪ."

ಇದಕ್ಕೆ ಮದ್ದಿಲ್ಲವೆ? ಇದೆ. ಮೈಕಿನ ತಂತಿ ಸೇರುವ ಆ ಪುಟ್ಟ ಪೆಟ್ಟಿಗೆಯ ಮುಖದ ಮೇಲೆಯೇ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದೆ. ಅದನ್ನು ಒತ್ತಿ, ಸಾಫ್ಟ್‌ವೇರಿನೊಳಗಿನ ಮಾನಿಟರನ್ನು ಆರಿಸಿದರೆ ಹಾಡುವವರ ದನಿ ಕಂಪ್ಯೂಟರಿನ ಗೊಡವೆಯೇ ಇಲ್ಲದೆ ನೇರ ಅವರ ಕಿವಿಗೆ ಬರುತ್ತದೆ. ಮೂರ್ತಿಗಳಿಗೆ ಇದು ಗೊತ್ತಿಲ್ಲವೆ? ಆ ಗುಂಡಿಯ ವಿಷಯವನ್ನು ನನಗೆ ಹೇಳಿದವರೇ ಅವರು. "ಒತ್ತಿಬಿಡಿ ಮತ್ತೆ" ಅಂದರೆ, "ಒತ್ತಬಹುದು ಸಾರ್, ಆದರೆ ಅದು ಪಲಾಯನ. ಮೂಲಕಾರಣ ಹುಡುಕಬೇಕು" ಎಂದು ಮೇಜಿನ ಕೆಳಗೆ ತೂರಿದರು. ಯುಎಸ್‌ಬಿ ಹಬ್ ಕಳಚಿದರು, ವೈಫೈ ಆರಿಸಿದರು, ಹಿನ್ನೆಲೆಯಲ್ಲಿ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿದರು. ವೈಫೈ ಹೋದದ್ದರಿಂದ ಪಕ್ಕದ ಕೋಣೆಯಲ್ಲಿ ಮಗಳ ಆನ್‌ಲೈನ್ ಟ್ಯೂಷನ್ ನಿಂತಿತು, ಅಡುಗೆಮನೆಯಲ್ಲಿ ಅಮ್ಮನ ಪ್ರವಚನ ನಿಂತಿತು. ಇಬ್ಬರೂ ಬಾಗಿಲಿಗೆ ಬಂದು ನಿಂತರು. ಮೇಜಿನ ಕೆಳಗಿನಿಂದ, "ಎಲ್ಲರೂ ಒಂದು ನಿಮಿಷ ಸಹಕರಿಸಿ" ಎಂಬ ದನಿ ಮಾತ್ರ ಬಂತು. ಅಕ್ಕ ಅಂದು ಕಾಫಿ ಕುಡಿದು, ಕುಂಕುಮ ಇಡಿಸಿಕೊಂಡು ಮನೆಗೆ ಹೋದರು.

ಮೃದಂಗದ ವಿದ್ವಾಂಸರು ಬಂದದ್ದು ಇದಕ್ಕಿಂತ ಸ್ವಾರಸ್ಯವಾಗಿತ್ತು. ಅವರು ನುಡಿಸಿದ್ದನ್ನು ಮೂರ್ತಿಗಳು ಪರದೆಯ ಮೇಲೆ ಹಿಗ್ಗಿಸಿ, ತಾಳದ ಗೆರೆಗೂ ಪೆಟ್ಟಿನ ಗೆರೆಗೂ ನಡುವಿನ ಅಂತರ ಅಳೆದು, "ವಿದ್ವಾನ್ ಸಾರ್, ಹನ್ನೆರಡು ಮಿಲಿಸೆಕೆಂಡ್ ಹಿಂದಿದೀರಿ" ಅಂದರು. ಕೋಣೆಯಲ್ಲಿ ಶ್ರುತಿಪೆಟ್ಟಿಗೆಯೊಂದೇ ಮಾತಾಡುತ್ತಿತ್ತು. ಜೀವಮಾನವಿಡೀ ರಾಮನವಮಿ ಪೆಂಡಾಲುಗಳಲ್ಲಿ ತನಿ ಆವರ್ತನ ನುಡಿಸಿ ಬಂದ ಹಿರಿಯರು ಮೃದಂಗಕ್ಕೆ ಗವಸು ಹಾಕುತ್ತ ಕೇಳಿದರು: "ಶಬ್ದ ಗಾಳೀಲಿ ಸೆಕೆಂಡಿಗೆ ಎಷ್ಟು ದೂರ ಹೋಗುತ್ತಪ್ಪ?"

"ಸುಮಾರು 343 ಮೀಟರ್ ಸಾರ್. ಒಂದು ಮೀಟರಿಗೆ ಹೆಚ್ಚುಕಡಿಮೆ ಮೂರು ಮಿಲಿಸೆಕೆಂಡ್."

"ವೇದಿಕೆ ಮೇಲೆ ನಾನು ಗಾಯಕರಿಂದ ಎರಡು ಮೀಟರ್ ಆಚೆ ಕೂತಿರ್ತೀನಿ. ಅವರ ದನಿ ನನಗೆ ಆರು ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಅದಕ್ಕೆ ಯಾವ ಕೇಬಲ್ ಹಾಕ್ತೀಯ?"

ನಿಜಸಂಗತಿ ಎಂದರೆ ಆ ಹನ್ನೆರಡು ವಿದ್ವಾಂಸರದ್ದಲ್ಲ, ಯಂತ್ರದ್ದು. ರೆಕಾರ್ಡ್ ಆದ ದನಿ ಎಷ್ಟು ತಡವಾಗಿ ಬಂತೆಂದು ಡ್ರೈವರ್ ಹೇಳುತ್ತದೆ, ಸಾಫ್ಟ್‌ವೇರ್ ಅಷ್ಟು ಹಿಂದಕ್ಕೆ ಸರಿಸುತ್ತದೆ. ಡ್ರೈವರ್ ಲೆಕ್ಕ ತಪ್ಪಿ ಹೇಳಿದರೆ ಹೊಸ ಟ್ರ್ಯಾಕುಗಳೆಲ್ಲ ಅಷ್ಟಷ್ಟೇ ಜಾರಿ ಕೂರುತ್ತವೆ. ಪತ್ತೆಹಚ್ಚುವುದು ಸುಲಭ. ಪೆಟ್ಟಿಗೆಯ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ತಂತಿ ಸಿಕ್ಕಿಸಿ, ಒಂದು ಟಕ್ ಬಾರಿಸಿ, ಅದನ್ನೇ ರೆಕಾರ್ಡ್ ಮಾಡಿ, ಎರಡು ಟಕ್‌ಗಳ ನಡುವಿನ ಅಂತರವನ್ನು ಸೆಟ್ಟಿಂಗಿನಲ್ಲಿ ತುಂಬಿದರೆ ಆಯಿತು. ಇದಕ್ಕೆ ಲೂಪ್‌ಬ್ಯಾಕ್ ಪರೀಕ್ಷೆ ಎನ್ನುತ್ತಾರೆ. ಪೆಟ್ಟಿಗೆಯನ್ನೋ ಬಫರನ್ನೋ ಬದಲಿಸದಿದ್ದರೆ ಒಮ್ಮೆ ಮಾಡಿದ್ದು ಸಾಕು. ಮೂರ್ತಿಗಳ ಮನೆಯಲ್ಲಿ ಮಾತ್ರ ಅದು ವಾರದ ವ್ರತ. ಶನಿವಾರ ಎಣ್ಣೆಸ್ನಾನ, ಭಾನುವಾರ ಲೂಪ್‌ಬ್ಯಾಕ್.

ಅವರ ಕೀರ್ತಿ ಹಬ್ಬಿದ್ದು ತಂಗಿಯ ಮಗಳ ಮದುವೆಯಲ್ಲಿ. ವಿಡಿಯೋದವನ ಕ್ಯಾಮೆರಾ ಒಂದು, ಮೂರ್ತಿಗಳ ಆಡಿಯೋ ರೆಕಾರ್ಡರ್ ಇನ್ನೊಂದು. ಎರಡನ್ನೂ ಜೋಡಿಸಲು ಗುರುತು ಬೇಕೆಂದು ಮಂಟಪದ ಮುಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಏನೋ ಶುಭಪ್ರಸಂಗವೆಂದು ಮುಂದಿನ ಸಾಲಿನವರು ತಟ್ಟಿದರು, ಅವರನ್ನು ನೋಡಿ ಇಡೀ ಛತ್ರ ತಟ್ಟಿತು, ಓಲಗದವರು ಮುಹೂರ್ತ ಬಂತೆಂದು ಗಟ್ಟಿಮೇಳ ಬಾರಿಸಿಬಿಟ್ಟರು. ವರನ ಕೈಯಲ್ಲಿ ಇನ್ನೂ ತಾಳಿಯೇ ಇರಲಿಲ್ಲ.

ಇಷ್ಟಾದರೂ ವಿಡಿಯೋ ಕೂಡಿಬರಲಿಲ್ಲ. ಶುರುವಿನಲ್ಲಿ ಮಂತ್ರಕ್ಕೂ ಪುರೋಹಿತರ ತುಟಿಗೂ ಒಳ್ಳೆಯ ಸಂಬಂಧವಿತ್ತು. ಲಾಜಹೋಮದ ಹೊತ್ತಿಗೆ ಪುರೋಹಿತರು ಬಾಯಿ ಮುಚ್ಚಿ ತಾಂಬೂಲ ಮೆಲ್ಲುತ್ತಿದ್ದರೂ "ಸ್ವಾಹಾ" ಕೇಳಿಸುತ್ತಿತ್ತು. ಕಾರಣ, ಪ್ರತಿ ಯಂತ್ರದೊಳಗೂ ಅದರದೇ ಸ್ಫಟಿಕ ಗಡಿಯಾರವಿದೆ, ಯಾವ ಎರಡು ಗಡಿಯಾರವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಐವತ್ತು ಪಾಲು ಹೆಚ್ಚುಕಡಿಮೆಯಾದರೂ ಗಂಟೆಗೆ 180 ಮಿಲಿಸೆಕೆಂಡ್, ಮೂರು ಗಂಟೆಯ ಮದುವೆಗೆ ಅರ್ಧ ಸೆಕೆಂಡಿಗೂ ಮೀರುತ್ತದೆ. ಆರಂಭದಲ್ಲೊಂದು, ಮುಕ್ತಾಯದಲ್ಲೊಂದು ಚಪ್ಪಾಳೆ ಇದ್ದರೆ ಎರಡನ್ನೂ ಹೊಂದಿಸಿ ಆಡಿಯೋವನ್ನು ಒಂದಿಷ್ಟೇ ಎಳೆದು ಸರಿಪಡಿಸಬಹುದು. ಮುಕ್ತಾಯದ ಚಪ್ಪಾಳೆಗೆ ಮೂರ್ತಿಗಳು ಸಿದ್ಧರಾಗಿಯೇ ಇದ್ದರು. ಬೀಗರು ಅವರ ಎರಡೂ ಕೈ ಹಿಡಿದು ಊಟಕ್ಕೆ ಕರೆದೊಯ್ದರು.

ಆ ಪಂಕ್ತಿಯಲ್ಲಿ ಸಾರು ಬರುವ ಮುಂಚೆ ಅವರು ಪಕ್ಕದವರಿಗೆ 44,100ರ ಪುರಾಣ ಹೇಳಿ ಮುಗಿಸಿದ್ದರು. ಡಿಜಿಟಲ್ ಧ್ವನಿಯನ್ನು ಮೊದಮೊದಲು ತುಂಬಿಡುತ್ತಿದ್ದದ್ದು ವಿಡಿಯೋ ಟೇಪಿನ ಮೇಲೆ. ಗೆರೆಗೆ ಮೂರು ತುಣುಕು, 245 ಗೆರೆ, ಸೆಕೆಂಡಿಗೆ 60 ಸಲ, ಗುಣಿಸಿದರೆ 44,100. ಅದೇ ಲೆಕ್ಕ 1982ರಲ್ಲಿ ಬಂದ ಸಿಡಿಗೂ ದಾಟಿತು. ವಿಡಿಯೋದವರು ಮಾತ್ರ 48,000 ಹಿಡಿದರು. ಒಂದನ್ನು ಇನ್ನೊಂದೆಂದು ತಿಳಿದು ನುಡಿಸಿದರೆ ಎಡವಟ್ಟು. 48,000ದಲ್ಲಿ ರೆಕಾರ್ಡ್ ಆದ ಭಜನಾ ಮಂಡಳಿಯ ಅಕ್ಕನ ದನಿ ಹೀಗೇ ಒಮ್ಮೆ 44,100ರಲ್ಲಿ ಹರಿದು ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯಿತು, ಐದು ನಿಮಿಷದ ಹಾಡು ಐದೂವರೆಗೆ ಹತ್ತಿರವಾಯಿತು. ಅಕ್ಕನ ಯಜಮಾನರು ಕೇಳಿ, "ನಾನು ಯಾವಾಗ ಹಾಡಿದೆ?" ಅಂದರು.

ನಿಯಮನಿಷ್ಠೆಯಲ್ಲಿ ಮೂರ್ತಿಗಳು ತಾಯಿಗಿಂತ ಒಂದು ಕೈ ಮೇಲು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಬ್ಲೂಟೂತ್ ಇಯರ್‌ಫೋನನ್ನೂ ಬಿಟ್ಟು ಬರಬೇಕು. ಅದರೊಳಗೆ ದನಿ ನೂರು, ಇನ್ನೂರು ಮಿಲಿಸೆಕೆಂಡ್ ತಂಗಿ ಬರುವುದರಿಂದ ರೆಕಾರ್ಡಿಂಗಿಗೆ ಅದು ಮೈಲಿಗೆ. ತಂತಿಯ ಹೆಡ್‌ಫೋನ್ ಮಾತ್ರ ಮಡಿ.

ಲಾಕ್‌ಡೌನ್ ಕಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿರುವ ಅಣ್ಣನ ಮಗಳು, "ಚಿಕ್ಕಪ್ಪಾ, ವಿಡಿಯೋ ಕಾಲ್‌ನಲ್ಲೇ ಒಟ್ಟಿಗೆ ಹಾಡೋಣ" ಅಂದಳು. ಚಿಕ್ಕಪ್ಪನಿಗೆ ಹಬ್ಬ. ದೂರ 14,000 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಎಲ್ಲೂ ನಿಲ್ಲದೆ ನೇರ ಓಡಿದರೂ ಒಂದು ದಾರಿಗೆ 70 ಮಿಲಿಸೆಕೆಂಡ್. ಇಬ್ಬರು ಲಯ ಕೆಡದೆ ಕೂಡಿ ಹಾಡಲು 25, 30 ದಾಟಬಾರದು. "ಬೆಳಕೇ ಲೇಟು ಕಣಮ್ಮ, ಯಾವ ಸೆಟ್ಟಿಂಗೂ ಇಲ್ಲಿ ನಡೆಯಲ್ಲ" ಎಂದು ಮೂರ್ತಿಗಳು ಅತ್ಯಂತ ಸಂತೋಷದಿಂದ ಸಾರಿದರು. ಹುಡುಗಿ ತನ್ನ ಭಾಗವನ್ನು ಬೇರೆಯೇ ಹಾಡಿ ಕಳಿಸಿದಳು. ಅದು ಇನ್ನೂ ಮೂರ್ತಿಗಳ ಹಾರ್ಡ್ ಡಿಸ್ಕಿನಲ್ಲಿ ಸುರಕ್ಷಿತವಾಗಿದೆ.

"ರಾಜ್‌ಕುಮಾರ್ ಹಾಡೋವಾಗ ಈ ಬಫರ್ ಎಲ್ಲಿತ್ತೋ?" ಎಂಬುದು ತಾಯಿಯ ಪ್ರಶ್ನೆ. ನ್ಯಾಯವಾದದ್ದೇ. ಮದರಾಸಿನ ಸ್ಟುಡಿಯೋಗಳಲ್ಲಿ ಹಾಡುವವರು, ನುಡಿಸುವವರು ಎಲ್ಲ ಒಂದೇ ಹೊತ್ತಿಗೆ ಸೇರಿ ಹಾಡು ಮುಗಿಸುತ್ತಿದ್ದ ಕಾಲದಲ್ಲಿ ಟ್ರ್ಯಾಕಿಗೆ ಟ್ರ್ಯಾಕು ಹೊಂದಿಸುವ ಕೆಲಸವೇ ಇರಲಿಲ್ಲ. ಆದರೆ ಮೂರ್ತಿಗಳ ಬಳಿ ಇದಕ್ಕೂ ಉತ್ತರವಿದೆ. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಒಂದು ಕಡೆ, ಓದುವ ಹೆಡ್ ಇನ್ನೊಂದು ಕಡೆ. ಹಳೆಯ ಟ್ರ್ಯಾಕ್ ಕೇಳುತ್ತ ಹೊಸದನ್ನು ಸೇರಿಸಿದರೆ ಆ ನಡುವಿನ ದೂರದಷ್ಟು ತಡ. 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರ ಮನೆಗೆ ಬಂದ ಆಂಪೆಕ್ಸ್ ಕಂಪನಿಯ ಎಂಟು ಟ್ರ್ಯಾಕಿನ ಯಂತ್ರದಲ್ಲಿ, ಬರೆಯುವ ಹೆಡ್‌ನಿಂದಲೇ ಓದಿಸುವ ಉಪಾಯ ಮಾಡಿ ಈ ತಡವನ್ನು ನೀಗಿಸಿದ್ದರು. "ನೋಡಮ್ಮ, ಮನೆ ಸ್ಟುಡಿಯೋದ ಮೂಲಪುರುಷನಿಗೇ ಈ ತಾಪತ್ರಯ ಇತ್ತು" ಎಂದು ಮೂರ್ತಿಗಳು ಎದೆಯುಬ್ಬಿಸಿದರೆ ತಾಯಿ, "ಆತ ಹಾಡು ಮುಗಿಸಿದನೋ ಇಲ್ವೋ?" ಎಂದು ಕೇಳಿ ಒಳಗೆ ಹೋಗುತ್ತಾರೆ.

ಮೂರ್ತಿಗಳ ನಿಜವಾದ ಸಂಕಟ ಕಾಣಬೇಕಾದರೆ ಎಲ್ಲವೂ ಸರಿಯಾದ ದಿನ ಅವರ ಮನೆಗೆ ಹೋಗಬೇಕು. ತಡ ನಾಲ್ಕು ಮಿಲಿಸೆಕೆಂಡಿಗೆ ಇಳಿದಿರುತ್ತದೆ, ಪಟಪಟ ಸದ್ದಿಲ್ಲ, ಟ್ರ್ಯಾಕಿಗೆ ಟ್ರ್ಯಾಕು ಕೂತಿದೆ. ಮೈಕು ಮುಂದಿದೆ. ಇನ್ನು ಹಾಡದೆ ವಿಧಿಯಿಲ್ಲ. ಮೂರ್ತಿಗಳ ಮುಖ ಬಾಡುತ್ತದೆ. ಗಂಟಲು ಸರಿಯಿಲ್ಲ ಅನ್ನುತ್ತಾರೆ, ಬೋರ್‌ವೆಲ್ ಮೋಟರ್ ನಿಲ್ಲಲಿ ಅನ್ನುತ್ತಾರೆ. ಅಷ್ಟರಲ್ಲಿ ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಬೀದಿಗೆ ಬರುತ್ತದೆ. ಮೂರ್ತಿಗಳ ಸ್ಟುಡಿಯೋದಲ್ಲಿ ಇದುವರೆಗೆ ಪಲ್ಲವಿಯಿಂದ ಕೊನೆಯ ಚರಣದವರೆಗೆ ಪೂರ್ತಿ ರೆಕಾರ್ಡ್ ಆಗಿರುವುದು ಆ ಹಾಡೊಂದೇ. ಆಗ ಪರದೆಯ ಮೂಲೆಯಲ್ಲಿ "ಹೊಸ ಅಪ್‌ಡೇಟ್ ಲಭ್ಯ" ಎಂಬ ಸಾಲು ಮೂಡುತ್ತದೆ. "ರೀ, ಬೇಡ್ರೀ, ಎಲ್ಲ ಸರಿಯಾಗಿದೆಯಲ್ಲ" ಎಂದು ಹೆಂಡತಿ ಕೈ ಮುಗಿಯುವುದರೊಳಗೆ ಇವರು ಒತ್ತಿಯಾಗಿರುತ್ತದೆ. ಮರುದಿನ ಡ್ರೈವರ್ ಕೆಟ್ಟಿರುತ್ತದೆ, ಮೂರ್ತಿಗಳು ಗೆಲುವಾಗಿರುತ್ತಾರೆ.

ಇವರನ್ನು ನಿಷ್ಪ್ರಯೋಜಕರೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಭಜನಾ ಮಂಡಳಿಯ ಅಕ್ಕನ ದೇವರನಾಮ ಕೊನೆಗೂ ಹೊರಬಂತು. ಅವರ ಮೊಮ್ಮಗ ಮೂರ್ತಿಗಳಿಗೆ ಫೋನ್ ಮಾಡಿ, ಹೇಳಿಸಿಕೊಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡು ಒಂದೇ ಸಂಜೆಯಲ್ಲಿ ಮುಗಿಸಿದ. ಆ ಚೀಟಿಯಲ್ಲಿದ್ದದ್ದಿಷ್ಟು: ತಂತಿಯ ಹೆಡ್‌ಫೋನ್; ಹಾಡುವಾಗ ಬಫರ್ 128, ಮಿಕ್ಸ್ ಮಾಡುವಾಗ 1024; ಡೈರೆಕ್ಟ್ ಮಾನಿಟರ್ ಗುಂಡಿ; ಎಲ್ಲ ಯಂತ್ರಗಳಿಗೂ ಒಂದೇ ಸ್ಯಾಂಪಲ್ ರೇಟ್; ಲೂಪ್‌ಬ್ಯಾಕ್ ಒಮ್ಮೆ; ಕೆಲಸ ನಡೆದಿರುವಾಗ ಅಪ್‌ಡೇಟ್ ಬೇಡ. ಕೊನೆಯದನ್ನೂ ಹೇಳಿದವರು ಮೂರ್ತಿಗಳೇ. ಅವರ ಮದ್ದು ಅವರಿಗೊಬ್ಬರಿಗೆ ಬಿಟ್ಟು ಊರಿಗೆಲ್ಲ ನಾಟುತ್ತದೆ.

ಆದ್ದರಿಂದ ನೀವೂ ಮನೆಯಲ್ಲಿ ಹಾಡು ರೆಕಾರ್ಡ್ ಮಾಡಬೇಕೆಂದಿದ್ದರೆ ನಿಮ್ಮ ಬಡಾವಣೆಯ ಮೂರ್ತಿಗಳನ್ನು ಸಂಕೋಚವಿಲ್ಲದೆ ಕರೆಯಿರಿ. ಅರ್ಧ ಗಂಟೆಯಲ್ಲಿ ಎಲ್ಲ ಸರಿಮಾಡಿ ಕೊಡುತ್ತಾರೆ, ಕಾಸು ಕೇಳುವುದಿಲ್ಲ. ಅರ್ಧ ಗಂಟೆ ಮುಗಿದ ಕೂಡಲೇ ಹಾಲ್‌ನಲ್ಲಿ ಎಲೆ ಹಾಕಿ, ಅವರನ್ನು ಊಟಕ್ಕೆ ಕೂರಿಸಿ, ಇತ್ತ ಬಾಗಿಲು ಹಾಕಿಕೊಂಡು ರೆಕಾರ್ಡ್ ಗುಂಡಿ ಒತ್ತಿ. ಪಾಯಸ ಮುಗಿಯುವುದರೊಳಗೆ ಹಾಡು ಮುಗಿದಿರಬೇಕು.