ವ್ಯವಹಾರ ಮಾಹಿತಿ ವ್ಯವಸ್ಥಾ ಮೀಮಾಂಸೆ: ಅತಿ ಸರಳ ಭಾಷೆಯಲ್ಲಿ, ಔರಾದಿನ ಆರಂಭಿಕರಿಗಾಗಿ

ಅಧ್ಯಾಯ ಒಂದು: ವ್ಯಾಖ್ಯೆ

ಫಲಾನುಭವಿ-ಕೇಂದ್ರಿತ ದತ್ತಾಂಶಗಳ ಸಂಗ್ರಹಣ, ಸಂಸ್ಕರಣ, ಸಂವಹನ ಹಾಗೂ ಸಕಾಲಿಕ ವಿಸ್ಮರಣಗಳ ಸಮಗ್ರ ಸಮನ್ವಯವೇ ವ್ಯವಹಾರ ಮಾಹಿತಿ ವ್ಯವಸ್ಥೆ. ಇದನ್ನು ಇನ್ನೂ ಸರಳಗೊಳಿಸಿ ಎನ್ನುವವರನ್ನು ತರಬೇತಿಗೆ ಬಂದು ಉಪ್ಪಿಟ್ಟು ತಿಂದು ನಿದ್ದೆ ಹೋದವರೆಂದು ಪರಿಗಣಿಸತಕ್ಕದ್ದು. ಪಿರಮಿಡ್ಡಿನ ಚಿತ್ರ ಕಡ್ಡಾಯ. ತಳದಲ್ಲಿ ವಹಿವಾಟು ಸಂಸ್ಕರಣಾ ವ್ಯವಸ್ಥೆ, ಅದರ ಮೇಲೆ ನಿರ್ವಹಣಾ ಮಾಹಿತಿ ವ್ಯವಸ್ಥೆ, ಅದರ ಮೇಲೆ ನಿರ್ಧಾರ ಬೆಂಬಲ ವ್ಯವಸ್ಥೆ, ಶಿಖರದಲ್ಲಿ ಕಾರ್ಯನಿರ್ವಾಹಕ ಮಾಹಿತಿ ವ್ಯವಸ್ಥೆ ಮತ್ತು ಏಸಿ.

ಅಧ್ಯಾಯ ಎರಡು: ಸ್ತರ ವಿವೇಚನೆ, ಕ್ಷೇತ್ರಕಾರ್ಯ ಸಹಿತ

ತಳದ ಸ್ತರವನ್ನು ಕಾಣಲು ಬೀದರಿನ ಗಾಂಧಿ ಗಂಜಿಗೆ ಹೋಗಬೇಕು. ಅಡತಿ ಅಂಗಡಿಯ ಮುನೀಮರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೊಗರಿ ತೆಗೆದು, ಅಂಗೈಯಲ್ಲಿ ಹರಡಿ, ಹೊಟ್ಟು ಊದಿ, ಒಂದು ಕಾಳು ಹಲ್ಲಿಗೆ ಕೊಡುತ್ತಾರೆ. ಇದು ಇನ್‌ಪುಟ್. ‘ಹಸಿ ಅದಾವ್ರಿ’ ಅನ್ನುತ್ತಾರೆ. ಇದು ಔಟ್‌ಪುಟ್. ನಡುವಿನ ಸಂಸ್ಕರಣೆಗೆ ತಗುಲಿದ ವಿದ್ಯುತ್ ಶೂನ್ಯ. ಬಳಿಕ ಬಿತ್ತನೆಗೆ ಕೊಟ್ಟ ಉದ್ರಿ, ಅದರ ಬಡ್ಡಿ, ಹಮಾಲಿ, ತೂಕದ ಖರ್ಚು ಕಳೆದು ಪಟ್ಟಿ ಬರೆದುಕೊಡುತ್ತಾರೆ. ಪಟ್ಟಿಯ ಕೊನೆಯ ಸಾಲಿನಲ್ಲಿ ಉಳಿದದ್ದೇ ರೈತನ ವರಮಾನ.

ನಿರ್ಧಾರ ಬೆಂಬಲ ವ್ಯವಸ್ಥೆ ಭಾಲ್ಕಿ, ಔರಾದ ಕಡೆ ಅಂಗಿಯ ಜೇಬಿನಲ್ಲಿರುತ್ತದೆ. ಸೋಯಾ ರಾಶಿ ಮಾಡಿದವರು ಉದಗೀರದ ಬೀಗರಿಗೆ ಫೋನು ಹಚ್ಚಿ ‘ಇವತ್ತ ಭಾವ್ ಏನದರಿ?’ ಎಂದು ಕೇಳುತ್ತಾರೆ. ರಾಜ್ಯ ಸರ್ಕಾರ 2014ರಿಂದಲೇ ಎಪಿಎಂಸಿಗಳನ್ನು ಏಕೀಕೃತ ಆನ್‌ಲೈನ್ ಮಾರುಕಟ್ಟೆಗೆ ಸೇರಿಸುತ್ತ ಬಂತು. ಕೇಂದ್ರದ ಇ-ನಾಮ್ 2016ರಲ್ಲಿ ಶುರುವಾಯಿತು. ಧಾರಣೆ ಈಗ ಪರದೆಯ ಮೇಲೂ ಸಿಗುತ್ತದೆ. ಬೀಗರು ಮಾತ್ರ ಇನ್ನೂ ನಿವೃತ್ತರಾಗಿಲ್ಲ, ಏಕೆಂದರೆ ಯಾವ ಅಂಗಡಿಯ ಕಾಟಾ ನೆಟ್ಟಗಿದೆ, ಯಾರು ಅದೇ ದಿನ ರೊಕ್ಕ ಎಣಿಸುತ್ತಾರೆ ಎಂಬುದು ಪರದೆಗೆ ಗೊತ್ತಿಲ್ಲ.

ಅಧ್ಯಾಯ ಮೂರು: ದತ್ತಾಂಶ ಭದ್ರತೆ ಮತ್ತು ದೃಢೀಕರಣ

ಈ ಶಾಸ್ತ್ರದಲ್ಲಿ ಅಗ್ರಪೂಜೆ ಬೀದರಿಗೇ ಸಲ್ಲಬೇಕು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದವನು. ಪತ್ರ ಬರೆಯುವ ಕಲೆಯ ಮೇಲೆ ಗ್ರಂಥ ಬರೆದ, ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದ, ಜಮೀನು ಅಳೆಯಿಸಿದ. ಅಂದರೆ ನಮ್ಮ ಪಠ್ಯದ ಅರ್ಧ ಸಿಲೆಬಸ್ಸನ್ನು ಆಗಲೇ ಮುಗಿಸಿದ್ದ. ಉಳಿದರ್ಧವನ್ನು ವಿರೋಧಿಗಳು ಮುಗಿಸಿದರು. ಅವನ ಮೊಹರು ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿ, ಒಡಿಶಾದ ದೊರೆಗೆ ದಂಡೆತ್ತಿ ಬಾ ಎಂದು ಗವಾನನ ಹೆಸರಿನಲ್ಲಿ ಬರೆದರು. ಮೊಹರು ತನ್ನದೇ, ಪತ್ರ ತನ್ನದಲ್ಲ ಎಂದು ಗವಾನ್ ಹೇಳಿದ. ಸುಲ್ತಾನ ಮೂರನೆಯ ಮುಹಮ್ಮದ್ ಷಾ ನಂಬಿದ್ದು ಮೊಹರನ್ನು. 1481ರಲ್ಲಿ ವಜೀರನ ತಲೆ ಹೋಯಿತು. ದೃಢೀಕರಣ ಯಶಸ್ವಿ.

ಅಧ್ಯಾಯ ನಾಲ್ಕು: ಪಂಚ ಘಟಕಗಳು

ಯಂತ್ರಾಂಶ, ತಂತ್ರಾಂಶ, ದತ್ತಾಂಶ, ಕಾರ್ಯವಿಧಾನ, ಮನುಷ್ಯರು. ಮೊದಲ ನಾಲ್ಕಕ್ಕೆ ಟೆಂಡರ್ ಕರೆಯುತ್ತಾರೆ. ಐದನೆಯದಕ್ಕೆ ಸಾಲಿನಲ್ಲಿ ನಿಲ್ಲಲು ಹೇಳುತ್ತಾರೆ. ಐದರಿಂದ ಹನ್ನೊಂದನೆಯ ಅಧ್ಯಾಯಗಳನ್ನು ಓದುಗರೇ ಬರೆದುಕೊಳ್ಳಲಿ, ನನಗೆ ಬೇಸರ ಬಂತು.

2000ದಲ್ಲಿ ‘ಭೂಮಿ’ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಪಹಣಿಗಾಗಿ ಗ್ರಾಮಲೆಕ್ಕಿಗರ ಬಾಗಿಲು ಕಾಯುವುದು ತಪ್ಪಿತು. ಅದನ್ನು ಅಣಕಿಸಲು ನನಗೆ ಮನಸ್ಸಿಲ್ಲ. ಆಮೇಲೆ ರೈತರ ನೋಂದಣಿಗೆ ಫ್ರೂಟ್ಸ್ ಬಂತು, ಅದರ ಎಫ್‌ಐಡಿ ನಂಬರು ಬಂತು, ಬೆಳೆ ಸಮೀಕ್ಷೆಯ ಆ್ಯಪ್ ಬಂತು. ಈಗ ಔರಾದಿನ ಯಾವುದೇ ಹಳ್ಳಿಯಲ್ಲಿ ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಹೊಲ ಮಾವನ ಹೆಸರಿನಲ್ಲಿದೆ, ಮಾವನೂ ಇಲ್ಲ, ಪೌತಿ ಖಾತೆ ಆಗಿಲ್ಲ. ಹೊಲದಲ್ಲಿ ನಿಂತಿದ್ದು ಸೋಯಾ, ಆ್ಯಪಿನಲ್ಲಿ ಕೂತಿದ್ದು ಉದ್ದು. 2024-25ರಲ್ಲಿ ಸೋಯಾಬೀನಿನ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ, ಪೇಟೆಯಲ್ಲಿ ಅಷ್ಟಿರಲಿಲ್ಲ. ತೇವ ಶೇ 12 ದಾಟಬಾರದೆಂದು ಆಕೆ ಕಾಳನ್ನು ಮನೆಮುಂದೆ ಹರವಿ, ಮೋಡ ಕವಿದಾಗ ಬಾಚಿ, ಬಿಸಿಲು ಬಂದಾಗ ಮತ್ತೆ ಹರವಿ ಒಣಗಿಸಿದಳು. ಖರೀದಿ ಕೇಂದ್ರದಲ್ಲಿ ಕಾಳು ಪಾಸಾಯಿತು. ಫೇಲಾದದ್ದು ಆಕೆ. ಹೆಸರು ಹೊಂದುವುದಿಲ್ಲ, ಬೆಳೆ ಹೊಂದುವುದಿಲ್ಲ, ಕಳೆ ಕಿತ್ತು ಸವೆದ ಹೆಬ್ಬೆಟ್ಟಂತೂ ಯಂತ್ರಕ್ಕೆ ಕಾಣುವುದೇ ಇಲ್ಲ.

‘ಸರ್ವರ್ ಇಲ್ಲವ್ವಾ, ನಾಳಿ ಬಾ.’

ನಾಳೆ ಅಂದರೆ ಮತ್ತೆ ಬಸ್ ಚಾರ್ಜು, ಒಂದು ದಿನದ ಕೂಲಿ. ಆಕೆಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಸರ್ವೆ ನಂಬರು ಎಲ್ಲವೂ ಸರ್ಕಾರದ ಒಂದಲ್ಲ ಒಂದು ಕಂಪ್ಯೂಟರಿನಲ್ಲಿವೆ. ಅವನ್ನೇ ಜೆರಾಕ್ಸ್ ಮಾಡಿಸಿ ಅದೇ ಸರ್ಕಾರಕ್ಕೆ ತಂದುಕೊಡು ಅನ್ನುತ್ತಾರೆ. ಕೇಳಿದ್ದನ್ನೆಲ್ಲ ಕೊಟ್ಟವಳಿಗೆ ‘ಬುಧವಾರ ಸರ್ವರ್ ಇರುತ್ತದೆ, ಆವತ್ತು ಬಾ’ ಎಂದು ಒಂದು ಮಾತು ತಿಳಿಸುವ ವ್ಯವಸ್ಥೆ ಪಿರಮಿಡ್ಡಿನ ಯಾವ ಅಂತಸ್ತಿನಲ್ಲಿದೆ? ಇಷ್ಟಾದ ಮೇಲೂ ಇವಳಿಗೆ ಅರಿವಿನ ಕೊರತೆ ಎಂದು ವರದಿ ಬರೆದು, ಅರಿವು ಮೂಡಿಸಲು ಮತ್ತೊಂದು ತರಬೇತಿ ಇಡುತ್ತಾರಲ್ಲ, ಅದಕ್ಕೆ ನಾಚಿಕೆಯಾದರೂ ಆಗಬೇಡವೇ?

ಖರೀದಿ ಕೇಂದ್ರದ ಕೊನೆಯ ದಿನ ದಾಟುತ್ತದೆ. ಚೀಲಗಳು ಗಂಜಿನ ಹಾದಿ ಹಿಡಿಯುತ್ತವೆ. ಅಲ್ಲಿ ಎಫ್‌ಐಡಿ ಕೇಳುವವರಿಲ್ಲ, ಹೆಬ್ಬೆಟ್ಟು ಒತ್ತು ಎನ್ನುವವರಿಲ್ಲ. ಮುನೀಮರ ವಹಿಯಲ್ಲಿ ಪೌತಿ ಖಾತೆ ಎಂದೋ ಆಗಿಹೋಗಿದೆ: ಮಾವನ ಸಾಲ ಸೊಸೆಯ ಹೆಸರಿಗೆ, ಬಡ್ಡಿ ಸಮೇತ.